ಕೀನ್ಯಾದ ಚುನಾವಣಾ ವರ್ಷದಲ್ಲಿ ಸ್ವಯಂಸೇವಕರ ದಿನಚರಿ: ಹೋಗುವವರಿಗೆ ಒಂದು ಕೈಪಿಡಿ

ಕೀನ್ಯಾದ 2010ರ ಸಂವಿಧಾನದ ಪ್ರಕಾರ ಅಲ್ಲಿನ ಮಹಾಚುನಾವಣೆ ಐದು ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಎರಡನೆಯ ಮಂಗಳವಾರ ನಡೆಯಬೇಕು. ಆ ಲೆಕ್ಕದಲ್ಲಿ ಮುಂದಿನ ಚುನಾವಣೆ 2027ರ ಆಗಸ್ಟ್ 10ರಂದು ಬರುತ್ತದೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದ ಮೂಲಕವೋ, ವಿಎಸ್‌ಒ ರೀತಿಯ ಸಂಸ್ಥೆಯ ಮೂಲಕವೋ, ಯಾವುದಾದರೂ ಟ್ರಸ್ಟಿನ ಮೂಲಕವೋ ಶಿಕ್ಷಕರಾಗಿ, ದಾದಿಯರಾಗಿ, ಕೃಷಿ ಸಲಹೆಗಾರರಾಗಿ ಆ ವರ್ಷ ಅಲ್ಲಿ ಇರಬೇಕಾದವರಿಗಾಗಿ ಈ ಬರಹ. ಚುನಾವಣೆ ನಮಗೆ ಹೊಸದಲ್ಲ, ಹಳ್ಳಿಯ ಶಾಲೆಯಲ್ಲಿ ಮತಗಟ್ಟೆ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವರು ನಾವು ಎಂಬ ಧೈರ್ಯವನ್ನು ಮಾತ್ರ ಇಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ನಮ್ಮಲ್ಲಿ ಎಣಿಕೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಗೆದ್ದವರಾರು ಎಂಬುದು ಬಹುಮಟ್ಟಿಗೆ ತಿಳಿದು, ಸಂಜೆ ಪಟಾಕಿ ಹೊಡೆದು, ಮರುದಿನ ಎಲ್ಲರೂ ತಂತಮ್ಮ ಕೆಲಸಕ್ಕೆ ಮರಳುತ್ತಾರೆ. ಕೀನ್ಯಾದಲ್ಲಿ ಮತದಾನದ ದಿನ ಸಾಮಾನ್ಯವಾಗಿ ಶಾಂತವಾಗಿಯೇ ಕಳೆಯುತ್ತದೆ. ದಿನನಿತ್ಯದ ಬದುಕು ಬಿಗಿಯಾಗುವುದು ಅದರ ಮರುದಿನದಿಂದ.

ಮೊದಲು ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ

ಚುನಾವಣಾ ಆಯೋಗ, ಅಂದರೆ ಅಲ್ಲಿನವರು ಐಇಬಿಸಿ ಎಂದು ಕರೆಯುವ ಸಂಸ್ಥೆ, ಮತದಾನವಾದ 7 ದಿನಗಳೊಳಗೆ ಅಧ್ಯಕ್ಷೀಯ ಫಲಿತಾಂಶವನ್ನು ಘೋಷಿಸಬೇಕು. ಫಲಿತಾಂಶವನ್ನು ಒಪ್ಪದವರು ಘೋಷಣೆಯಾದ 7 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ತಕರಾರು ಅರ್ಜಿ ಸಲ್ಲಿಸಬಹುದು. ಅರ್ಜಿ ಬಂದ 14 ದಿನಗಳೊಳಗೆ ಕೋರ್ಟು ತೀರ್ಪು ಕೊಡಬೇಕು. ಚುನಾವಣೆ ಅಸಿಂಧುವೆಂದು ತೀರ್ಪಾದರೆ 60 ದಿನಗಳೊಳಗೆ ಮರುಚುನಾವಣೆ ನಡೆಯಬೇಕು. ಗೆಲ್ಲಲು ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಸಾಲದೆಂಬಂತೆ ದೇಶದ 47 ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ, ಕನಿಷ್ಠ 24ರಲ್ಲಿ ಶೇಕಡ 25ರಷ್ಟು ಮತವಾದರೂ ಬಂದಿರಬೇಕು. ಯಾರಿಗೂ ಅಷ್ಟು ಬರದಿದ್ದರೆ ಮೊದಲಿಬ್ಬರ ನಡುವೆ 30 ದಿನಗಳೊಳಗೆ ಎರಡನೆಯ ಸುತ್ತು.

ಇದನ್ನು 2027ರ ಕ್ಯಾಲೆಂಡರಿಗೆ ಹೊಂದಿಸಿ ನೋಡಿದರೆ ಫಲಿತಾಂಶ ಆಗಸ್ಟ್ 17ರೊಳಗೆ, ಅರ್ಜಿ 24ರೊಳಗೆ, ತೀರ್ಪು ಸೆಪ್ಟೆಂಬರ್ 7ರೊಳಗೆ ಬರಬೇಕು. ಪ್ರಮಾಣವಚನ ಸೆಪ್ಟೆಂಬರಿನ ಮಧ್ಯಭಾಗಕ್ಕೋ ಅದರಾಚೆಗೋ ಹೋಗುತ್ತದೆ. ಇದು ಎಲ್ಲವೂ ನೇರವಾಗಿ ಸಾಗಿದರೆ ಮಾತ್ರ. 2017ರಲ್ಲಿ ಹಾಗೆ ಸಾಗಲಿಲ್ಲ: ಆಗಸ್ಟ್ 8ರ ಮತದಾನವನ್ನು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ನೇತೃತ್ವದ ಪೀಠ ಸೆಪ್ಟೆಂಬರ್ 1ರಂದು ರದ್ದುಪಡಿಸಿತು, ಅಕ್ಟೋಬರ್ 26ರಂದು ಮರುಚುನಾವಣೆ ನಡೆಯಿತು, ವಿರೋಧ ಪಕ್ಷಗಳ ನಾಯಕ ರೈಲಾ ಒಡಿಂಗಾ ಅದನ್ನು ಬಹಿಷ್ಕರಿಸಿದರು, ಆಗಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅವರ ಎರಡನೆಯ ಅವಧಿಯ ಪ್ರಮಾಣವಚನ ನಡೆದದ್ದು ನವೆಂಬರ್ 28ರಂದು. ಹಾಗೆಂದು ಅದು ಅಲ್ಲಿಗೂ ನಿಲ್ಲಲಿಲ್ಲ. 2018ರ ಜನವರಿ 30ರಂದು ಒಡಿಂಗಾ ತಾವೇ 'ಜನರ ಅಧ್ಯಕ್ಷ'ರೆಂದು ಪ್ರಮಾಣ ಸ್ವೀಕರಿಸಿದರು, ಸರ್ಕಾರ ಟೀವಿ ವಾಹಿನಿಗಳನ್ನು ಕೆಲವು ದಿನ ಬಂದ್ ಮಾಡಿತು, ಮಾರ್ಚ್ 9ರಂದು ಇಬ್ಬರೂ ನಾಯಕರು ಕೈಕುಲುಕಿದ ಮೇಲೆಯೇ ದೇಶ ನಿಟ್ಟುಸಿರು ಬಿಟ್ಟಿತು. ಒಂದು ಮಂಗಳವಾರದ ಕೆಲಸ ಏಳು ತಿಂಗಳು ಹಿಡಿದ ಕಥೆ ಇದು. ಆದ್ದರಿಂದ ನಿಮ್ಮ ಯೋಜನೆಯ ವರ್ಷದ ಪಟ್ಟಿಯಲ್ಲಿ ಆಗಸ್ಟ್ ಎರಡನೆಯ ವಾರದ ಎದುರಿಗೆ ಮಾತ್ರ 'ಚುನಾವಣೆ' ಎಂದು ಬರೆದು ಸುಮ್ಮನಾಗಬೇಡಿ. ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಕೊನೆಯವರೆಗೆ ತರಬೇತಿ ಶಿಬಿರ, ಹೊರಗಿನ ಅತಿಥಿಗಳ ಭೇಟಿ, ದೂರದ ಪ್ರಯಾಣ ಯಾವುದನ್ನೂ ಇಟ್ಟುಕೊಳ್ಳದಿರುವುದು, ನವೆಂಬರ್‌ವರೆಗಿನ ಕೆಲಸಗಳಿಗೆ ಪರ್ಯಾಯ ದಿನಾಂಕ ಗುರುತಿಸಿಡುವುದು ಸರಿಯಾದ ಕ್ರಮ.

ಇದೇ ಅವಧಿಯಲ್ಲಿ ನಿಮ್ಮ ವಾಸದ ಅಥವಾ ಕೆಲಸದ ಪರವಾನಗಿಯ ಗಡುವು ಮುಗಿಯುವಂತಿದ್ದರೆ ನವೀಕರಣದ ಅರ್ಜಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ಸಲ್ಲಿಸಿ. ನೈರೋಬಿಯ ನ್ಯಾಯೊ ಹೌಸ್‌ನಲ್ಲಿರುವ ವಲಸೆ ಕಚೇರಿಯ ಸರದಿ ಸಾಧಾರಣ ದಿನಗಳಲ್ಲೇ ಉದ್ದವಾಗಿರುವಾಗ, ಅವಧಿ ಮೀರಿದ ಕಾಗದವನ್ನು ಕೈಯಲ್ಲಿ ಹಿಡಿದು ಚುನಾವಣೆಯ ತಿಂಗಳಲ್ಲಿ ಪೊಲೀಸ್ ತಪಾಸಣೆಯ ಮುಂದೆ ನಿಲ್ಲುವ ಪರಿಸ್ಥಿತಿಯನ್ನು ಯಾರೂ ತಂದುಕೊಳ್ಳಬಾರದು.

ಪ್ರಚಾರದ ತಿಂಗಳುಗಳು

2022ರಲ್ಲಿ ಅಧಿಕೃತ ಪ್ರಚಾರ ಮೇ 29ರಿಂದ ಆಗಸ್ಟ್ 6ರವರೆಗೆ ನಡೆಯಿತು. ಅನಧಿಕೃತ ಪ್ರಚಾರ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು. ಒಬ್ಬ ಮತದಾರ ಒಂದೇ ದಿನ ಆರು ಮತಪತ್ರಗಳಿಗೆ ಗುರುತು ಹಾಕುತ್ತಾನೆ: ಅಧ್ಯಕ್ಷ, ಕೌಂಟಿಯ ಗವರ್ನರ್, ಸೆನೆಟರ್, ಸಂಸತ್ ಸದಸ್ಯ, ಕೌಂಟಿಯ ಮಹಿಳಾ ಪ್ರತಿನಿಧಿ, ಕೊನೆಗೆ ವಾರ್ಡಿನ ಪ್ರತಿನಿಧಿ. ಆರು ಹುದ್ದೆಗಳಿಗೆ ಹತ್ತಾರು ಅಭ್ಯರ್ಥಿಗಳು ಓಡಾಡುವಾಗ ಊರಿನ ಪ್ರತಿಯೊಂದು ಸಭೆಯೂ, ಕೊಳವೆಬಾವಿಯ ಉದ್ಘಾಟನೆಯೂ, ಶಾಲೆಯ ಬಹುಮಾನ ವಿತರಣೆಯೂ ಅವರಿಗೆ ವೇದಿಕೆಯಾಗಿ ಕಾಣುತ್ತದೆ. ಸ್ವಯಂಸೇವಕರ ನಿತ್ಯದ ಕೆಲಸಕ್ಕೆ ಚುನಾವಣೆ ಮೊದಲು ಕಾಲಿಡುವುದು ಈ ಬಾಗಿಲಿನಿಂದ.

ಎರಡು ತಿಂಗಳು ಮೊದಲಿನಿಂದ ಸಾರ್ವಜನಿಕ ಸಮಾರಂಭಗಳನ್ನು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಸುಲಭದ ಉಪಾಯ. ಬೀಜ, ಸೊಳ್ಳೆಪರದೆ, ಪುಸ್ತಕ, ಕುರಿಮರಿ ಏನನ್ನೇ ಹಂಚುವುದಿದ್ದರೂ ಮೇ ತಿಂಗಳೊಳಗೆ ಹಂಚಿ ಮುಗಿಸಿ, ಇಲ್ಲವೇ ಅಕ್ಟೋಬರಿಗೆ ಮುಂದೂಡಿ. ಜುಲೈ ತಿಂಗಳಲ್ಲಿ ಹಂಚಿದ ಯಾವ ವಸ್ತುವೂ ಬರಿಯ ವಸ್ತುವಾಗಿ ಉಳಿಯುವುದಿಲ್ಲ. ಕೊಟ್ಟವರು ಯಾರ ಕಡೆಯವರು ಎಂಬ ಪ್ರಶ್ನೆ ಅದಕ್ಕೆ ಅಂಟಿಕೊಳ್ಳುತ್ತದೆ. 2022ರಲ್ಲಿ ಗೆದ್ದು ಅಧ್ಯಕ್ಷರಾದ ವಿಲಿಯಂ ರೂಟೊ ಅವರ ಯುಡಿಎ ಪಕ್ಷದ ಚಿಹ್ನೆ ಒಂದು ಚಕ್ರದ ಕೈಗಾಡಿ, ನಮ್ಮಲ್ಲಿ ಗಾರೆ ಕೆಲಸದವರು ಮರಳು ಸಾಗಿಸುವಂಥದ್ದು. ಯಾವುದಾದರೂ ಕೃಷಿ ಯೋಜನೆ ಆ ಜುಲೈನಲ್ಲಿ ರೈತರ ಗುಂಪಿಗೆ ಗೊಬ್ಬರ ಸಾಗಿಸಲೆಂದು ಕೈಗಾಡಿಗಳನ್ನು ಕೊಟ್ಟಿದ್ದರೆ ಊರು ಏನೆಂದುಕೊಳ್ಳುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಹಣ್ಣುಗಳಿಗೂ ಅಲ್ಲಿ ರಾಜಕೀಯವುಂಟು. ಹೊಸ ಸಂವಿಧಾನದ ಕರಡಿನ ಮೇಲೆ 2005ರಲ್ಲಿ ನಡೆದ ಜನಮತಗಣನೆಯಲ್ಲಿ 'ಹೌದು' ಎಂಬುದಕ್ಕೆ ಬಾಳೆಹಣ್ಣು, 'ಬೇಡ' ಎಂಬುದಕ್ಕೆ ಕಿತ್ತಳೆ ಗುರುತಾಗಿತ್ತು; 'ಬೇಡ' ಗೆದ್ದಿತು, ಒಡಿಂಗಾ ಅವರ ಒಡಿಎಂ ಪಕ್ಷ ಕಿತ್ತಳೆಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿತು. ಹೀಗಾಗಿ ಬಟ್ಟೆಯ ಪೆಟ್ಟಿಗೆಯನ್ನೂ ಒಮ್ಮೆ ಪರಿಶೀಲಿಸಬೇಕು. ಹಳದಿ, ಕಿತ್ತಳೆ, ಕೆಂಪು ಬಣ್ಣದ ಟೀ ಶರ್ಟುಗಳು, ಮಾರುಕಟ್ಟೆಯಲ್ಲಿ ಪುಕ್ಕಟೆ ಸಿಗುವ ಟೋಪಿ, ಯಾರೋ ಕೈಗಿತ್ತ ಕಾಂಗಾ ಬಟ್ಟೆ ಇವುಗಳನ್ನು ಕೆಲವು ತಿಂಗಳು ಮಡಿಸಿಡಿ. ಹೊಸ ಮೈತ್ರಿಗಳು ಹುಟ್ಟಿದಂತೆ ಬಣ್ಣಗಳೂ ಬದಲಾಗುತ್ತವೆ, ಆದ್ದರಿಂದ ಆ ವರ್ಷದ ಬಣ್ಣಗಳಾವುವು ಎಂಬುದನ್ನು ಸಹೋದ್ಯೋಗಿಗಳಿಂದಲೇ ಕೇಳಿ ತಿಳಿದುಕೊಳ್ಳಿ.

'ನಿಮ್ಮ ಬೆಂಬಲ ಯಾರಿಗೆ?' ಎಂಬ ಪ್ರಶ್ನೆ ಮಟಾಟು ಎಂಬ ಬಾಡಿಗೆ ಮಿನಿಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಶಿಕ್ಷಕರ ಕೊಠಡಿಯಲ್ಲಿ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಸಲಿಗೆಯಿಂದ ಕೇಳುತ್ತಾರೆ. ಉತ್ತರವೂ ಸಲಿಗೆಯಿಂದಲೇ ಇರಲಿ. 'ಮಿಮಿ ನಿ ಮ್ಗೆನಿ, ಸಿನಾ ಕುರಾ' ಎಂದರೆ 'ನಾನು ಹೊರಗಿನವ, ನನಗೆ ಮತವಿಲ್ಲ' ಎಂದಾಗುತ್ತದೆ. ಸ್ವಾಹಿಲಿಯ 'ಮ್ಗೆನಿ' ಎಂಬ ಮಾತಿಗೆ ಅಪರಿಚಿತ ಎಂಬ ಅರ್ಥವೂ ಇದೆ, ಅತಿಥಿ ಎಂಬ ಅರ್ಥವೂ ಇದೆ. ನೀವು ಆ ತಿಂಗಳುಗಳಲ್ಲಿ ಎರಡೂ ಆಗಿರುತ್ತೀರಿ. ಒಬ್ಬ ಅಭ್ಯರ್ಥಿ ಭ್ರಷ್ಟನೋ ಅಲ್ಲವೋ ಎಂಬ ನ್ಯಾಯ ತೀರ್ಮಾನಕ್ಕೆ ಇಳಿಯಬೇಡಿ, ಎಷ್ಟೇ ಆತ್ಮೀಯರು ಕೇಳಿದರೂ. ಯಾರ ಹೆಸರು ಕೇಳಿದರೂ ಯಾವ ಸಮುದಾಯದವರೆಂದು ಅಲ್ಲಿನವರಿಗೆ ತಿಳಿಯುತ್ತದೆ, ಮತವೂ ಬಹುಮಟ್ಟಿಗೆ ಸಮುದಾಯದ ಜಾಡಿನಲ್ಲೇ ಹೋಗುತ್ತದೆ, ಹಾಗಾಗಿ ತರಗತಿಯಲ್ಲಿ 'ಮಾದರಿ ಚುನಾವಣೆ'ಯಂಥ ಚಟುವಟಿಕೆಗಳನ್ನು ನಡೆಸುವ ಉತ್ಸಾಹವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದು ಲೇಸು.

ಇದು ಸಭ್ಯತೆಯ ವಿಷಯ ಮಾತ್ರವಲ್ಲ, ಕಾನೂನಿನ ವಿಷಯವೂ ಹೌದು. 2017ರ ಮತದಾನಕ್ಕೆ ಕೆಲವೇ ದಿನ ಮೊದಲು ವಿರೋಧ ಪಕ್ಷಗಳ ಮೈತ್ರಿಕೂಟಕ್ಕೆ ಸಲಹೆ ನೀಡುತ್ತಿದ್ದ ಒಬ್ಬ ಅಮೆರಿಕನ್ ಮತ್ತು ಒಬ್ಬ ಕೆನಡಿಯನ್ ಪ್ರಜೆಯನ್ನು ಹಿಡಿದು ದೇಶದಿಂದ ಹೊರಗೆ ಕಳುಹಿಸಲಾಯಿತು. ಅವರು ವೃತ್ತಿಪರ ಸಲಹೆಗಾರರು, ನೀವು ಹಾಗಲ್ಲ. ಆದರೂ ಅಭ್ಯರ್ಥಿಯ ಪಕ್ಕದಲ್ಲಿ ನಿಂತ ಒಂದು ಫೋಟೊ ಆ ವ್ಯತ್ಯಾಸವನ್ನು ಅಳಿಸಿಹಾಕಬಲ್ಲದು. ಆಯೋಗದ ಮಾನ್ಯತಾ ಪತ್ರವಿಲ್ಲದೆ 'ವೀಕ್ಷಕ'ರಾಗಿ ಮತಗಟ್ಟೆಗೆ ಹೋಗುವುದು, ಗೆಳೆಯರ ಪ್ರಚಾರಕ್ಕೆ ಪೋಸ್ಟರ್ ವಿನ್ಯಾಸ ಮಾಡಿಕೊಡುವುದು, ಸಂಸ್ಥೆಯ ವಾಹನದಲ್ಲಿ ಪ್ರಚಾರ ಸಭೆಗೆ ಹೋಗುವವರನ್ನು ಕೂರಿಸಿಕೊಳ್ಳುವುದು ಇವೆಲ್ಲ ನಿಷಿದ್ಧವೆಂದೇ ತಿಳಿಯಿರಿ.

ಈ ತಿಂಗಳುಗಳಲ್ಲಿ ಮಾಡಲೇಬೇಕಾದ ಒಂದು ಸಾರ್ವಜನಿಕ ಕೆಲಸವೆಂದರೆ ನಿಮ್ಮ ಪ್ರದೇಶದ ಚೀಫ್ ಅಥವಾ ಸಹಾಯಕ ಚೀಫ್ ಅವರನ್ನು ಸಂಸ್ಥೆಯ ಪತ್ರದೊಂದಿಗೆ ಭೇಟಿಯಾಗುವುದು. ಇವರು ಸರ್ಕಾರದ ಸ್ಥಳೀಯ ಅಧಿಕಾರಿಗಳು, ಚುನಾಯಿತರಲ್ಲ. ನಮ್ಮ ಹಳೆಯ ಶಾನುಭೋಗ–ಪಟೇಲರ ನೆನಪು ತರುವಂಥವರು. ಹತ್ತು ಮನೆಗಳಿಗೊಂದು ಗುಂಪು ಎಂಬ ಅರ್ಥದ 'ನ್ಯುಂಬಾ ಕುಮಿ' ವ್ಯವಸ್ಥೆ ನಿಮ್ಮ ಬೀದಿಯಲ್ಲಿದ್ದರೆ ಅದರ ಹಿರಿಯರಿಗೂ ನಿಮ್ಮ ಮುಖ ಪರಿಚಯವಿರಬೇಕು. ಬೀದಿಯಲ್ಲಿ ಗಲಾಟೆಯಾದ ರಾತ್ರಿ ಮೊದಲು ಬಂದು ಬಾಗಿಲು ತಟ್ಟುವವರು ಪಕ್ಕದ ಮನೆಯವರು; ನೂರಾರು ಕಿಲೋಮೀಟರ್ ದೂರದ ನೈರೋಬಿಯ ಭದ್ರತಾ ಅಧಿಕಾರಿ ಅವರ ನಂತರ ಬರುವವರು.

ಅಡುಗೆಮನೆ, ಹಣ, ಔಷಧ

ಎರಡರಿಂದ ಮೂರು ವಾರ ಮನೆಯಿಂದ ಹೊರಗೆ ಹೋಗದೆ ಇರಬಹುದಾದಷ್ಟು ಸಾಮಾನು ಸಂಗ್ರಹಿಸಿಡಿ ಎಂದು ಬಹುತೇಕ ಸಂಸ್ಥೆಗಳು ಹೇಳುತ್ತವೆ. ಸಲಹೆ ಸರಿಯಾದದ್ದೇ, ಆದರೆ ಹೇಗೆ ಸಂಗ್ರಹಿಸುತ್ತೀರಿ ಎಂಬುದೂ ಮುಖ್ಯ. ಆಗಸ್ಟ್ ಮೊದಲ ವಾರ ಒಂದೇ ದಿನ ಮೂರು ಚೀಲ ಹೊತ್ತು ಮನೆಗೆ ಬಂದರೆ ನೆರೆಯವರಿಗೆ ಅದೊಂದು ಸುದ್ದಿ: ಹೊರಗಿನವರಿಗೆ ಏನೋ ಗೊತ್ತಿದೆ, ಅದಕ್ಕೇ ಹೀಗೆ ತುಂಬಿಕೊಳ್ಳುತ್ತಿದ್ದಾರೆ ಎಂಬ ಗುಸುಗುಸು ಹುಟ್ಟುತ್ತದೆ. ಜೂನ್‌ನಿಂದಲೇ ವಾರಕ್ಕಿಷ್ಟು ಎಂದು ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಹಾಲಿನ ಪುಡಿ, ಮೇಣದಬತ್ತಿ ಕೂಡಿಸುತ್ತ ಹೋಗಿ. ಹೆಸರು, ಅಲಸಂದೆ ಅಲ್ಲಿಯೇ ಬೆಳೆಯುವುದರಿಂದ ಸಿಗುವುದು ಸುಲಭ. ಮೆಕ್ಕೆಜೋಳದ ಹಿಟ್ಟಿಗೆ ಅಲ್ಲಿ ಉಂಗಾ ಎನ್ನುತ್ತಾರೆ, ಅದರಿಂದ ಮಾಡುವ ಉಗಾಲಿ ನಮ್ಮ ಮುದ್ದೆಯ ದಾಯಾದಿ. ಮುದ್ದೆ ಉಂಡು ಬೆಳೆದವರಿಗೆ ಬಂದ್ ದಿನಗಳ ಊಟ ಅಷ್ಟೇನೂ ಕಷ್ಟವಾಗದು. ಅಡುಗೆ ಅನಿಲದ ಸಿಲಿಂಡರನ್ನು ಜುಲೈ ಕೊನೆಯಲ್ಲಿ ತುಂಬಿಸಿ, ಜೊತೆಗೆ ಇದ್ದಿಲಿನ ಜಿಕೊ ಒಲೆಯೊಂದಿರಲಿ. ನೀರಿನ ಡ್ರಮ್ಮು ತುಂಬಿರಲಿ.

ಬೆಲೆಗಳು ಚುನಾವಣೆಯ ಮೊದಲೊಂದು ರೀತಿ, ಆಮೇಲೊಂದು ರೀತಿ. 2022ರ ಜುಲೈನಲ್ಲಿ 200 ಶಿಲಿಂಗ್ ದಾಟಿದ್ದ 2 ಕಿಲೋ ಉಂಗಾ ಪೊಟ್ಟಣವನ್ನು ಸಬ್ಸಿಡಿ ಕೊಟ್ಟು 100 ಶಿಲಿಂಗಿಗೆ ಇಳಿಸುವುದಾಗಿ ಸರ್ಕಾರ ಘೋಷಿಸಿತು. ಸೆಪ್ಟೆಂಬರ್ 13ರಂದು ರೂಟೊ ಅಧಿಕಾರ ಸ್ವೀಕರಿಸಿದರು. ಮರುದಿನವೇ ಪೆಟ್ರೋಲಿನ ಸಬ್ಸಿಡಿ ನಿಂತು ನೈರೋಬಿಯಲ್ಲಿ ಲೀಟರಿಗೆ ಸುಮಾರು 20 ಶಿಲಿಂಗ್ ಏರಿ 179 ಶಿಲಿಂಗ್ ದಾಟಿತು. ಇಂಧನದ ದರ ಪ್ರತಿ ತಿಂಗಳ 14ರಂದು ಪರಿಷ್ಕರಣೆಯಾಗುತ್ತದೆ, ಮಟಾಟು ಮತ್ತು ಬೋಡಾ ಬೋಡಾ (ಬಾಡಿಗೆ ಬೈಕು) ಬಾಡಿಗೆಗಳು ಅದರ ಬೆನ್ನಿಗೇ ಏರುತ್ತವೆ. ಸ್ವಯಂಸೇವಕರಿಗೆ ಸಿಗುವ ಭತ್ಯೆ ಮಾತ್ರ ಇದ್ದಲ್ಲೇ ಇರುತ್ತದೆ. ಜುಲೈ–ಅಕ್ಟೋಬರ್ ಅವಧಿಯ ಪ್ರಯಾಣ ಖರ್ಚಿಗೆ ಒಂದಿಷ್ಟು ಹೆಚ್ಚುವರಿ ಮೊತ್ತ ಬೇಕೆಂದು ಸಂಸ್ಥೆಯನ್ನು ಮೊದಲೇ ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.

ಹಣದ ವಿಷಯದಲ್ಲಿ ಎಲ್ಲರೂ ಎಂಪೆಸಾ ಎಂಬ ಮೊಬೈಲ್ ಹಣದ ಸೇವೆಯನ್ನು ನಂಬಿ ಕೂರುತ್ತಾರೆ. ಫೋನಿನಿಂದ ಫೋನಿಗೆ ಹಣ ಕಳಿಸುವುದು ನಡೆಯುತ್ತಲೇ ಇರಬಹುದು, ಆದರೆ ಅದನ್ನು ನೋಟಾಗಿ ಪಡೆಯಲು ಏಜೆಂಟರ ಅಂಗಡಿ ತೆರೆದಿರಬೇಕು, ಅವರ ಗಲ್ಲಾಪೆಟ್ಟಿಗೆಯಲ್ಲಿ ನೋಟಿರಬೇಕು. ಅಂಗಡಿಗಳು ಮುಚ್ಚಿದ ದಿನ ಎರಡೂ ಇರುವುದಿಲ್ಲ. 2007ರ ಡಿಸೆಂಬರಿನ ಚುನಾವಣೆಯ ಬೆನ್ನಿಗೆ ಎದ್ದ 2008ರ ಆರಂಭದ ಗಲಭೆಯಲ್ಲಿ ರೀಚಾರ್ಜ್ ಕಾರ್ಡುಗಳೂ ಸಿಗದೆ ಜನ ಪರದಾಡಿದ್ದರು. ಎರಡು ವಾರದ ಖರ್ಚಿಗೆ ಬೇಕಾದ ಚಿಕ್ಕ ನೋಟುಗಳನ್ನು ಎರಡು ಬೇರೆ ಬೇರೆ ಜಾಗದಲ್ಲಿಡಿ. ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಂಡು ಎರಡರಲ್ಲೂ ಮಾತಿನ ಮತ್ತು ಡೇಟಾದ ಹಣ ತುಂಬಿಸಿಡಿ. ಸೌರಶಕ್ತಿಯಿಂದಲೂ ಚಾರ್ಜಾಗುವ ಪವರ್ ಬ್ಯಾಂಕ್ ಒಂದಿದ್ದರೆ ಬಹಳ ಅನುಕೂಲ.

ನಿತ್ಯ ತೆಗೆದುಕೊಳ್ಳುವ ಔಷಧ ಎರಡು ತಿಂಗಳಿಗಾಗುವಷ್ಟಿರಲಿ. ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ಸ್ವಯಂಸೇವಕರು ತಮ್ಮ ಔಷಧಕ್ಕಿಂತ ರೋಗಿಗಳ ಔಷಧದ ಬಗ್ಗೆ ಹೆಚ್ಚು ಯೋಚಿಸಬೇಕು. ಎಚ್‌ಐವಿ, ಕ್ಷಯ, ಸಕ್ಕರೆ ಕಾಯಿಲೆಯವರು ರಸ್ತೆ ಮುಚ್ಚಿದಾಗ ಕೇಂದ್ರಕ್ಕೆ ಬರಲಾಗುವುದಿಲ್ಲ. 2008ರಲ್ಲಿ ಮನೆಬಿಟ್ಟು ಓಡಿದವರಲ್ಲಿ ಅನೇಕರ ಚಿಕಿತ್ಸೆ ಹೀಗೆಯೇ ಮುರಿದುಬಿತ್ತು. ಜುಲೈನಲ್ಲಿ ಬರುವವರಿಗೆ ಹೆಚ್ಚು ದಿನಗಳ ಮಾತ್ರೆ ಕೊಡಲು ಸಾಧ್ಯವೇ ಎಂದು ಕೇಂದ್ರದ ಮುಖ್ಯಸ್ಥರೊಡನೆ ಮೇ ತಿಂಗಳಲ್ಲೇ ಮಾತಾಡಿ. ಚುನಾವಣಾ ವರ್ಷ ಮುಷ್ಕರಗಳಿಗೂ ಹದವಾದ ಕಾಲ. 2017ರಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಸುಮಾರು ಐದು ತಿಂಗಳು ದಾದಿಯರ ಮುಷ್ಕರ ನಡೆದು ಸರ್ಕಾರಿ ಆಸ್ಪತ್ರೆಗಳು ಬಣಗುಟ್ಟಿದ್ದವು. ಮುಷ್ಕರದಲ್ಲಿರುವ ಸಹೋದ್ಯೋಗಿಗಳ ಜಾಗದಲ್ಲಿ ವಿದೇಶೀ ಸ್ವಯಂಸೇವಕರು ಕೆಲಸ ಮಾಡಬೇಕೇ ಎಂಬುದು ಆಗ ಎದುರಾಗುವ ಪ್ರಶ್ನೆ. ಸಂಸ್ಥೆಯ ನಿಲುವನ್ನು ಲಿಖಿತವಾಗಿ ಪಡೆದಿರದಿದ್ದರೆ ನೀವು ಎರಡೂ ಕಡೆಯವರ ಮುನಿಸಿಗೆ ಗುರಿಯಾಗುತ್ತೀರಿ.

ಜೊತೆಗಾರರ ಪ್ರಯಾಣ

ಕೀನ್ಯಾದವರು ಮತದಾರರಾಗಿ ಎಲ್ಲಿ ನೋಂದಾಯಿಸಿಕೊಂಡಿದ್ದಾರೋ ಅಲ್ಲಿಗೇ ಹೋಗಿ ಮತ ಹಾಕಬೇಕು, ಅನೇಕರ ನೋಂದಣಿ ಹುಟ್ಟೂರಿನಲ್ಲಿರುತ್ತದೆ. ಮತದಾನಕ್ಕೆ ಮೊದಲ ನಾಲ್ಕೈದು ದಿನ ನೈರೋಬಿಯಿಂದ ನಕುರು, ಕೆರಿಚೊ ದಾಟಿ ಕಿಸುಮು, ಬುಸಿಯಾ ಕಡೆಗೆ ಹೋಗುವ ಬಸ್ಸುಗಳು ಕಿಕ್ಕಿರಿಯುತ್ತವೆ. ನಮ್ಮ ಯುಗಾದಿಯ ಮುನ್ನಾದಿನದ ಮೆಜೆಸ್ಟಿಕ್ ನೆನಪಿಸಿಕೊಂಡರೆ ಸಾಕು. ಊರಿಗೆ ಹೋಗುವವರಲ್ಲಿ ಕೆಲವರು ಮತಕ್ಕಾಗಿ ಹೋದರೆ, ಇನ್ನು ಕೆಲವರು ತಾವು ಅಲ್ಪಸಂಖ್ಯಾತರಾಗಿರುವ ಬಡಾವಣೆಯಲ್ಲಿ ಆ ವಾರ ಇರಲು ಅಂಜಿ ಹೋಗುತ್ತಾರೆ. ನಿಮ್ಮ ಮನೆಯ ಕಾವಲುಗಾರ ಅಸ್ಕರಿ, ಮನೆಗೆಲಸದವರು, ಕಚೇರಿಯ ಚಾಲಕರು ಇವರಲ್ಲಿ ಯಾರು ಯಾವಾಗ ಹೊರಡುತ್ತಾರೆ ಎಂದು ಜುಲೈನಲ್ಲೇ ಕೇಳಿ, ಆಗಸ್ಟ್ ಸಂಬಳವನ್ನು ಮುಂಚಿತವಾಗಿ ಕೊಟ್ಟು, ಮರಳುವ ದಿನಾಂಕದ ಬಗ್ಗೆ ಒತ್ತಾಯ ಮಾಡದೆ ಕಳುಹಿಸಿ. ಶಿಕ್ಷಕರಲ್ಲಿ ಅನೇಕರು ಮತಗಟ್ಟೆಯ ಕೆಲಸಕ್ಕೆ ಹೋಗುತ್ತಾರೆ, ಶಾಲೆಗಳೇ ಮತಗಟ್ಟೆಗಳಾಗುತ್ತವೆ. 2022ರಲ್ಲಿ ಆಗಸ್ಟ್ 2ರಿಂದಲೇ ಶಾಲೆಗಳನ್ನು ಮುಚ್ಚಿ, ತೆರೆಯುವ ದಿನವನ್ನು ಫಲಿತಾಂಶ ತಡವಾದಂತೆಲ್ಲ ಮುಂದಕ್ಕೆ ತಳ್ಳುತ್ತ ಹೋದರು. ಪಾಠಯೋಜನೆಯಲ್ಲಿ ಆಗಸ್ಟ್ ತಿಂಗಳನ್ನು ಇಡಿಯಾಗಿ ಬಿಟ್ಟುಬಿಡಿ.

ಮತದಾನದ ದಿನ

ಬೆಳಿಗ್ಗೆ 6ರಿಂದ ಸಂಜೆ 5ರವರೆಗೆ ಮತದಾನ. ನಸುಕಿನಲ್ಲೇ ಸಾಲುಗಳು ಹುಟ್ಟುತ್ತವೆ. ಸಾರ್ವಜನಿಕ ರಜೆ, ಅಂಗಡಿ ಅರೆಬರೆ ತೆರೆದಿರುತ್ತವೆ. ಸ್ವಯಂಸೇವಕರಿಗೆ ಅಂದು ಮಾಡಲು ಏನೂ ಇಲ್ಲ. ಮನೆಯಲ್ಲಿರಿ, ಬಟ್ಟೆ ಒಗೆಯಿರಿ. ಕುತೂಹಲದಿಂದ ಮತಗಟ್ಟೆಯತ್ತ ನಡೆದು ಹೋಗಿ ಸಾಲಿನ ಫೋಟೊ, ಪೊಲೀಸರ ಫೋಟೊ ತೆಗೆಯುವುದು ಬೇಡ.

ಕಾಯುವ ದಿನಗಳು

ಕಷ್ಟದ ದಿನಗಳು ಇವು. 2007ರ ಡಿಸೆಂಬರ್ 27ರಂದು ಮತದಾನ ಶಾಂತವಾಗಿ ಮುಗಿದಿತ್ತು. ಮೂರು ದಿನ ಎಣಿಕೆ ಎಳೆದಾಡಿ, ಡಿಸೆಂಬರ್ 30ರ ಸಂಜೆ ಫಲಿತಾಂಶ ಘೋಷಿಸಿ, ಕತ್ತಲಾಗುವ ಹೊತ್ತಿಗೆ ಅಧಿಕಾರದಲ್ಲಿದ್ದ ಅಧ್ಯಕ್ಷ ಮ್ವಾಯ್ ಕಿಬಾಕಿ ಅವರಿಗೇ ತರಾತುರಿಯಲ್ಲಿ ಪ್ರಮಾಣ ಬೋಧಿಸಿದರು. ಅಂದಿನ ರಾತ್ರಿಯೇ ಬೆಂಕಿ ಹೊತ್ತಿತು. ಮುಂದಿನ ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಂದಿ ನೆಲೆ ಕಳೆದುಕೊಂಡರು. ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ ಫೆಬ್ರುವರಿ 28ರಂದು ಒಪ್ಪಂದವಾಗುವವರೆಗೆ ಎಲ್ಡೊರೆಟ್, ನಕುರು, ನೈವಾಶಾ, ಕಿಸುಮು ನಡುವಿನ ಹೆದ್ದಾರಿಯಲ್ಲಿ ಕಲ್ಲು–ಟೈರುಗಳ ತಡೆಗೋಡೆಗಳಿದ್ದವು. ಅಲ್ಲಿಂದೀಚೆಗೆ ಕೀನ್ಯಾ ಬಹಳ ಬದಲಾಗಿದೆ, 2013 ಮತ್ತು 2022ರ ಚುನಾವಣೆಗಳು ಅಂಥ ಅನಾಹುತವಿಲ್ಲದೆ ಕೋರ್ಟಿನ ಅಂಗಳದಲ್ಲಿ ಮುಗಿದವು. ಆದರೂ ಆ ವಾರದ ನೆನಪು ಪ್ರತಿ ಮನೆಯಲ್ಲಿದೆ, ಜನ ಮೌನವಾಗುತ್ತಾರೆ, ಬೀದಿ ಸಂಜೆಗೇ ಖಾಲಿಯಾಗುತ್ತದೆ. 2022ರಲ್ಲಿ ಆಗಸ್ಟ್ 9ರ ಮತದಾನದ ಫಲಿತಾಂಶ 15ರಂದು ಬಂದಾಗ ರೂಟೊ ಅವರಿಗೆ ಶೇಕಡ 50.49, ಒಡಿಂಗಾ ಅವರಿಗೆ 48.85 ಮತ ಬಂದಿದ್ದವು. ಇಷ್ಟು ತೆಳುವಾದ ಅಂತರದ ಮೇಲೆ ಆರು ದಿನ ದೇಶ ಉಸಿರು ಹಿಡಿದು ಕುಳಿತಿತ್ತು.

ಆ ದಿನಗಳಲ್ಲಿ ಸುದ್ದಿಯನ್ನು ಹೇಗೆ ಓದಬೇಕೆಂಬುದು ಒಂದು ಕಲೆ. ಪ್ರತಿ ಮತಗಟ್ಟೆಯ ಅಧ್ಯಕ್ಷೀಯ ಎಣಿಕೆಯ ಹಾಳೆಗೆ ಫಾರ್ಮ್ 34ಎ ಎಂದು ಹೆಸರು. 2022ರಲ್ಲಿ ಆಯೋಗ 46,229 ಮತಗಟ್ಟೆಗಳ ಹಾಳೆಗಳನ್ನು ಸಾರ್ವಜನಿಕರ ಮುಂದಿಟ್ಟಿತು, ಟೀವಿ ವಾಹಿನಿಗಳು ತಂತಮ್ಮ ವೇಗದಲ್ಲಿ ಕೂಡಿಸತೊಡಗಿದವು, ಒಂದೊಂದು ವಾಹಿನಿಯಲ್ಲಿ ಒಂದೊಂದು ಹೊತ್ತಿಗೆ ಒಬ್ಬೊಬ್ಬರು ಮುಂದೆ. ನೀವು ಲೆಕ್ಕದ ಮೇಷ್ಟರಾಗಿದ್ದರೂ ಆ ಲೆಕ್ಕಕ್ಕೆ ಕೈ ಹಾಕಬೇಡಿ. ನೈರೋಬಿಯ ಬೋಮಾಸ್ ಸಭಾಂಗಣದಲ್ಲಿ ಆಗ ಮಾಡಿದಂತೆ ಆಯೋಗದ ಅಧ್ಯಕ್ಷರು ಘೋಷಿಸಿದ್ದು ಮಾತ್ರ ಫಲಿತಾಂಶ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂದ ಹಾಳೆಯನ್ನೋ, ಧ್ವನಿಮುದ್ರಣವನ್ನೋ ಮುಂದಕ್ಕೆ ಕಳಿಸಬೇಡಿ, 'ಹೌದೇ?' ಎಂದು ಕೇಳಲಿಕ್ಕೂ ಕಳಿಸಬೇಡಿ. 2008ರ ಗಲಭೆಗೆ ಎಸ್ಸೆಮ್ಮೆಸ್ಸುಗಳು ಎಣ್ಣೆ ಸುರಿದ ನಂತರ ದ್ವೇಷಭಾಷಣದ ವಿರುದ್ಧ ಪ್ರತ್ಯೇಕ ಕಾನೂನೇ ಬಂದಿದೆ, ಅದು ವಿದೇಶಿಯರನ್ನು ಹೊರತುಪಡಿಸುವುದಿಲ್ಲ. ಮೈಸೂರಿನಲ್ಲೋ ಶಿರಸಿಯಲ್ಲೋ ಇರುವ ಮನೆಯವರಿಗೆ ಪ್ರತಿದಿನ ಒಂದು ನಿಗದಿತ ಹೊತ್ತಿನಲ್ಲಿ 'ಕ್ಷೇಮ' ಎಂಬ ಒಂದೇ ಮಾತು ಕಳಿಸುವ ರೂಢಿ ಮಾಡಿಕೊಂಡರೆ, ನಮ್ಮ ಟೀವಿಯಲ್ಲಿ ಹೊಗೆಯ ದೃಶ್ಯ ಬಂದ ರಾತ್ರಿ ಅವರೂ ನಿದ್ದೆ ಮಾಡುತ್ತಾರೆ.

ಓಡಾಟದ ನಿಯಮಗಳು ಸರಳ: ಘೋಷಣೆಯ ದಿನ ಮತ್ತು ತೀರ್ಪಿನ ದಿನ ಮಧ್ಯಾಹ್ನಕ್ಕೆ ಮೊದಲೇ ಮನೆ ಸೇರುವುದು, ಕತ್ತಲಾದ ಮೇಲೆ ಹೊರಡದಿರುವುದು, ಬೋಡಾ ಬೋಡಾಗೆ ಪರಿಚಿತ ಸವಾರನನ್ನೇ ಕರೆಯುವುದು, ಗುಂಪು ಕಂಡರೆ ನೋಡಲು ನಿಲ್ಲದೆ ಹಿಂದಿರುಗುವುದು. ಮನೆಯೊಳಗಿದ್ದರೆ ಸಾಕೆಂಬ ಭರವಸೆ ಎಲ್ಲ ಕಡೆಯೂ ನಿಜವಲ್ಲ. 2017ರ ಆಗಸ್ಟ್‌ನಲ್ಲಿ ಕಿಸುಮುವಿನ ಒಂದು ಬಡಾವಣೆಯಲ್ಲಿ ಪೊಲೀಸರು ಮನೆಗೇ ನುಗ್ಗಿ ಹೊಡೆದಾಗ ಆರು ತಿಂಗಳ ಹಸುಗೂಸು ಪೆಟ್ಟುತಿಂದು ಸತ್ತಿತು. ಕಿಸುಮುವಿನ ಆ ಭಾಗಗಳು, ನೈರೋಬಿಯ ಕಿಬೆರಾ ಮತ್ತು ಮಥಾರೆ ಕೊಳೆಗೇರಿಗಳು ಇಂಥ ಕಡೆ ವಾಸವಿದ್ದರೆ ಮತದಾನಕ್ಕೆ ಮೊದಲೇ ಬೇರೆಡೆ ವಸತಿ ಕೇಳಿ ಪಡೆಯಿರಿ. ಅನ್ಯಮಾರ್ಗವಿಲ್ಲದಿದ್ದರೆ ರಸ್ತೆಯಿಂದ ದೂರದ ಕೋಣೆಯಲ್ಲಿ ಮಲಗಿ, ಅಶ್ರುವಾಯುವಿಗೆ ಒದ್ದೆ ಬಟ್ಟೆ ಸಿದ್ಧವಿರಲಿ. ತುರ್ತು ಸಂಖ್ಯೆ 999 ಅಥವಾ 112.

ನಮ್ಮವರಿಗೆ ಇನ್ನೊಂದು ಮಾತು ಹೇಳಬೇಕು. ಪಾಶ್ಚಾತ್ಯ ಸ್ವಯಂಸೇವಕರನ್ನು ಬೀದಿ 'ಮ್ಜುಂಗು', ಅಂದರೆ ಬಿಳಿಯ, ಎಂದು ಗುರುತಿಸಿದರೆ ನಿಮ್ಮನ್ನು 'ಮುಹಿಂದಿ', ಅಂದರೆ ಭಾರತೀಯ, ಎನ್ನುತ್ತದೆ. (ಒಂದು ಸ್ವರ ಬದಲಾಗಿ 'ಮಹಿಂದಿ' ಎಂದರೆ ಮೆಕ್ಕೆಜೋಳ, ಹೊಸಬರು ಮಾರುಕಟ್ಟೆಯಲ್ಲಿ ನಗೆಪಾಟಲಾಗುವುದು ಇಲ್ಲಿಯೇ.) ರೈಲುಮಾರ್ಗ ಕಟ್ಟಿದ ಕಾಲದಿಂದ ಅಲ್ಲಿ ನೆಲೆಸಿದ ಗುಜರಾತಿ, ಪಂಜಾಬಿ ಕುಟುಂಬಗಳು ಕೀನ್ಯಾದ ಪ್ರಜೆಗಳೇ ಆಗಿದ್ದು, 2017ರಲ್ಲಿ ಏಷ್ಯನ್ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಸರ್ಕಾರ ಮಾನ್ಯ ಮಾಡಿತು. ಅಂಗಡಿಗೆ ಸ್ವಾಹಿಲಿಯಲ್ಲಿ 'ಡುಕಾ' ಎಂಬ ಹೆಸರು ಬಂದದ್ದೂ ದುಕಾನದಿಂದಲೇ. ನಿಮ್ಮನ್ನು ನೋಡಿದವರು ನೀವೂ ಯಾವುದೋ ಡುಕಾದ ಒಡೆಯರ ಮನೆಯವರೆಂದು ಭಾವಿಸುವುದು ಸಹಜ, ಮತ್ತು 2008ರಲ್ಲಿ ಕಿಸುಮುವಿನಲ್ಲಿ ಭಾರತೀಯ ಮೂಲದವರ ಅಂಗಡಿಗಳು ಲೂಟಿಯಾದದ್ದನ್ನು ಮರೆಯುವಂತಿಲ್ಲ. ಸಂಸ್ಥೆಯ ಗುರುತುಚೀಟಿ ಕೈಗೆಟಕುವಂತಿರಲಿ, ಪೇಟೆಯ ಅಂಗಡಿಸಾಲಿನ ಮೇಲ್ಮಹಡಿಯಲ್ಲಿ ಮನೆ ಮಾಡುವುದನ್ನು ಆ ವರ್ಷ ತಪ್ಪಿಸಿ, ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಿ. ಸ್ಥಳೀಯ ಭಾರತೀಯ ಕುಟುಂಬಗಳ ಪರಿಚಯವೂ ಇರಲಿ; ಯಾವ ರಸ್ತೆ ತೆರೆದಿದೆ ಎಂಬುದು ಅವರಿಗೆ ಬೇಗ ತಿಳಿಯುತ್ತದೆ.

ಹೊರಡುವುದೇ, ಉಳಿಯುವುದೇ

2008ರ ಆರಂಭದಲ್ಲಿ ಅಮೆರಿಕದ ಪೀಸ್ ಕೋರ್ ತನ್ನ ಸ್ವಯಂಸೇವಕರನ್ನು ಕೀನ್ಯಾದಿಂದ ಹಿಂದೆ ಕರೆಸಿಕೊಂಡಿತು. ನಿಮ್ಮ ಸಂಸ್ಥೆ ಯಾವ ಹಂತದಲ್ಲಿ ಹಾಗೆ ಮಾಡುತ್ತದೆ, ಯಾರು ತೀರ್ಮಾನಿಸುತ್ತಾರೆ, ವಿಮಾನದ ಹಣ ಯಾರು ಕೊಡುತ್ತಾರೆ, ವಿಮೆ ರಾಜಕೀಯ ಗಲಭೆಯನ್ನು ಒಳಗೊಳ್ಳುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಜೂನ್ ಒಳಗೆ ಲಿಖಿತ ಉತ್ತರ ಪಡೆಯಿರಿ. ಗಡಿ ದಾಟಿ ಕಂಪಾಲಾಕ್ಕೋ ದಾರ್ ಎಸ್ ಸಲಾಂಗೋ ಹೋಗಿ ಕೂರುವ ಆಲೋಚನೆಯನ್ನು ಸಲೀಸೆಂದು ತಿಳಿಯಬೇಡಿ: 2021ರ ಜನವರಿಯ ಚುನಾವಣೆಗೆ ಉಗಾಂಡಾ ದೇಶದಾದ್ಯಂತ ಇಂಟರ್ನೆಟ್ ಕಡಿದಿತ್ತು, 2025ರ ಅಕ್ಟೋಬರ್ 29ರ ಚುನಾವಣೆಯಲ್ಲಿ ತಾಂಜಾನಿಯಾ ಇಂಟರ್ನೆಟ್ ಕಡಿದು ದಾರ್ ಎಸ್ ಸಲಾಂನಲ್ಲಿ ಕರ್ಫ್ಯೂ ಹೇರಿತ್ತು. ನೆರೆಯ ದೇಶಗಳ ಸ್ಥಿತಿಯನ್ನೂ ನೋಡಿಕೊಂಡೇ ಹೊರಡುವ ದಾರಿ ಗುರುತಿಸಬೇಕು. ಪಾಸ್‌ಪೋರ್ಟ್, ಪರವಾನಗಿ, ಹಳದಿ ಜ್ವರದ ಲಸಿಕೆಯ ಕಾರ್ಡು, ಸ್ವಲ್ಪ ಡಾಲರು, ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿ ಸಿದ್ಧವಿರಲಿ. ಚೀಲ ಬಾಗಿಲ ಬಳಿ ಕಾಣುವಂತೆ ಮಾತ್ರ ಬೇಡ.

ನನ್ನ ಅಭಿಪ್ರಾಯದಲ್ಲಿ, ಅಪಾಯದ ಪ್ರದೇಶದಲ್ಲಿರುವವರು ವಾರ್ಷಿಕ ರಜೆಯನ್ನು ಆಗಸ್ಟ್‌ಗೆ ಹೊಂದಿಸಿ ಮುಂಚಿತವಾಗಿಯೇ ಊರಿಗೆ ಬಂದುಹೋಗುವುದು, ಗಲಾಟೆಯ ನಡುವೆ ಬೆಂಗಾವಲಿನಲ್ಲಿ ಹೊರಡುವುದಕ್ಕಿಂತ ಮೇಲು. ಬೆಂಗಾವಲಿನ ವಾಹನದಲ್ಲಿ ಸಹೋದ್ಯೋಗಿಗಳಿಗೆ ಜಾಗವಿರುವುದಿಲ್ಲ, ಅವರು ನಿಂತು ನೋಡುತ್ತಿರುವಾಗ ಹೊರಟವರಿಗೆ ಮರಳಿ ಹೋಗಿ ಅದೇ ಕೊಠಡಿಯಲ್ಲಿ ಕೂತು ಚಹಾ ಕುಡಿಯುವುದು ಸುಲಭವಲ್ಲ. ರಜೆಗೆ ಹೋಗುವುದಾದರೂ ಹೋಗುವ ಕಾರಣವನ್ನು ಅವರ ಬಳಿ ಮುಚ್ಚಿಡದೆ ಹೇಳಿ. ಅವರಿಗೆ ಹೇಗೂ ಗೊತ್ತಿರುತ್ತದೆ.

ಪ್ರಮಾಣವಚನದ ನಂತರ

ಬೀದಿ ಸಹಜವಾದ ಮೇಲೂ ಕಚೇರಿಗಳು ಸಹಜವಾಗಲು ಸಮಯ ಬೇಕು. ಆರೋಗ್ಯ ಮತ್ತು ಕೃಷಿಯಂಥ ಇಲಾಖೆಗಳು ಕೌಂಟಿಗಳ ಕೈಯಲ್ಲಿವೆ. ಗವರ್ನರ್ ಬದಲಾದರೆ ಇಲಾಖೆಯ ಮುಖ್ಯಸ್ಥರೂ ಬದಲಾಗುತ್ತಾರೆ, ಹಿಂದಿನವರು ಸಹಿ ಮಾಡಿದ ಒಡಂಬಡಿಕೆ ಹೊಸಬರ ಮೇಜಿನ ಮೇಲೆ ಅನಾಥವಾಗಿ ಬೀಳುತ್ತದೆ. ಮುಖ್ಯ ಒಪ್ಪಂದಗಳ ಅವಧಿಯನ್ನು ಜುಲೈ ಒಳಗೆ ವಿಸ್ತರಿಸಿಕೊಂಡಿರಬೇಕು. ಅಕ್ಟೋಬರಿನಲ್ಲಿ ಹೊಸ ಅಧಿಕಾರಿಯ ಹೆಸರು ಗೊತ್ತಾದ ವಾರವೇ ಒಂದು ಪುಟದ ಪರಿಚಯ ಪತ್ರದೊಂದಿಗೆ, ಹಳಬರ ಹೆಸರನ್ನು ಹೊಗಳದೆ ತೆಗಳದೆ, ಹೋಗಿ ಕಾಣಬೇಕು. ವಾರ್ಡಿನ ಪ್ರತಿನಿಧಿ ಸೋತಿದ್ದರೆ ಸೋತವರನ್ನೂ ದಾರಿಯಲ್ಲಿ ಕಂಡಾಗ ಮೊದಲಿನಂತೆಯೇ ಮಾತಾಡಿಸಿ.

ಶಾಲೆಗಳಲ್ಲಿ ಅಷ್ಟು ನಿಧಾನಕ್ಕೆ ಅವಕಾಶವಿಲ್ಲ. ಆಗಸ್ಟ್‌ನಲ್ಲಿ ಕಳೆದುಹೋದ ವಾರಗಳ ಹಿಂದೆಯೇ ನವೆಂಬರಿನಲ್ಲಿ ಪ್ರೌಢಶಾಲೆಯ ರಾಷ್ಟ್ರೀಯ ಪರೀಕ್ಷೆ ಬಂದು ನಿಂತಿರುತ್ತದೆ. ಶನಿವಾರದ ತರಗತಿಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರೊಡನೆ ಕುಳಿತು ಜುಲೈನಲ್ಲೇ ಮಾಡಿಟ್ಟುಕೊಳ್ಳಿ, ಮೊದಲ ಶನಿವಾರವನ್ನು ಮಾತ್ರ ಖಾಲಿ ಬಿಡಿ. ಊರಿಂದ ಮರಳಿದ ಮಕ್ಕಳಿಗೂ ಶಿಕ್ಷಕರಿಗೂ ಒಬ್ಬರ ಎದುರು ಒಬ್ಬರು ಕೂತು ಮಾತು ಶುರು ಮಾಡಲು ಒಂದು ದಿನ ಬೇಕಾಗುತ್ತದೆ.